ಟಾಪಿಗೇರುತ್ತಿದ್ದ ಸೈಕಲ್ಲು

ಮೈಸೂರಿನಲ್ಲಿರುವ ಮಗಳು ಈ ಬೇಸಿಗೆ ರಜೆಗೆ ಮಕ್ಕಳ ಜೊತೆ ಅವರ ಸೈಕಲ್ಲುಗಳನ್ನೂ ನಮ್ಮೂರು ರಾಮಾಪುರಕ್ಕೆ ತರುತ್ತೇನೆಂದಳು. "ಅಪ್ಪಾಜಿ, ಕಾರಿಗೆ ಸೈಕಲ್ ಕಟ್ಟೋ ಸ್ಟ್ಯಾಂಡ್ ತಗೋಬೇಕು, ಯಾವುದು ಅಂತ ನೀವೇ ಹೇಳಿ" ಎಂದು ಮೂರು ಚಿತ್ರ ಕಳಿಸಿದಳು. ಒಂದು ಕಾರಿನ ನೆತ್ತಿಯ ಮೇಲೆ ಕೂರುವುದು, ಇನ್ನೊಂದು ಡಿಕ್ಕಿಯ ಬಾಗಿಲಿಗೆ ಪಟ್ಟಿಯಿಂದ ಬಿಗಿಯುವುದು, ಮೂರನೆಯದು ಕಾರಿನ ಹಿಂದಿನ ಕೊಕ್ಕೆಗೆ ಸಿಕ್ಕಿಸುವುದು. ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಸೈಕಲ್ಲನ್ನು ಇನ್ನೊಂದು ಗಾಡಿಯ ಮೇಲೆ ಕೆಡದಂತೆ ಸಾಗಿಸುವುದನ್ನು ಹತ್ತನೇ ವಯಸ್ಸಿನಲ್ಲೇ ಕಲಿತಿದ್ದೆ. ಕಲಿತದ್ದು ಕೊಳ್ಳೇಗಾಲದ ಬಸ್ಸಿನ ಟಾಪಿನಲ್ಲಿ.

ಅದು 1972. ನಮ್ಮಪ್ಪ ಕೊಳ್ಳೇಗಾಲದಲ್ಲಿ ಹಳೆಯದೊಂದು ಹರ್ಕ್ಯುಲಿಸ್ ಸೈಕಲ್ ಕೊಂಡರು. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಪ್ಪನ ಸೈಕಲ್ಲೂ ಆ ಕಡೆಯದೇ. ಹೆಸರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು, ತಯಾರಿ ಮದ್ರಾಸಿನ ಅಂಬತ್ತೂರಿನದು. ಅಲ್ಲಿನ ಟಿಐ ಸೈಕಲ್ಸ್ ಕಂಪನಿ ಶುರುವಾದದ್ದು 1949ರಲ್ಲಿ. ಕ್ಯಾರಿಯರ್, ಸ್ಟ್ಯಾಂಡು, ಚೈನ್‌ಕವರು ಎಲ್ಲ ಸೇರಿ ಸುಮಾರು 20 ಕೆ.ಜಿ. ತೂಗುವ ಗಾಡಿ ಅದು. ಹನೂರು ದಾಟಿದ ಮೇಲಿನ ಏರುತಗ್ಗಿನಲ್ಲಿ ಕತ್ತಲಾಗುವ ಮುಂಚೆ ತುಳಿದು ಊರು ಸೇರುವ ಮಾತೇ ಇರಲಿಲ್ಲ. ಬಸ್ಸಿನ ಹಿಂದಿನ ಏಣಿಯಿಂದ ಟಾಪಿಗೆ ಏರಿಸಿದರು. ಅಪ್ಪ ಕೆಳಗೆ ನಿಂತು ಎತ್ತಿಕೊಟ್ಟರು, ಮೇಲಿದ್ದ ಕ್ಲೀನರ್ ಎಳೆದುಕೊಂಡ, ಹಗ್ಗ ಹಿಡಿಯಲು ನಾನೂ ಹತ್ತಿದೆ.

"ಅಗ್ಗವ ಗಾಲಿಗಾಕ್ಬ್ಯಾಡ ಮಗ, ಬಾರಿಗಾಕು. ಗಾಲಿ ಬೆಂಡಾದ್ರೆ ನಿಮ್ಮಪ್ಪ ತಳ್ಕೊಂಡೇ ಓಗ್ಬೇಕಾಯ್ತದ" ಎಂದ ಅವನು. ಸೈಕಲ್ಲನ್ನು ಮಲಗಿಸುವಾಗ ಚೈನಿರುವ ಮಗ್ಗುಲು ಮೇಲೆ ಬರಬೇಕು, ಅಡಿಗೆ ಗೋಣಿಚೀಲ ಹಾಸಬೇಕು. ಎರಡು ಸೈಕಲ್ಲಿದ್ದರೆ ಒಂದರ ಹ್ಯಾಂಡಲ್ ಕಡೆಗೆ ಇನ್ನೊಂದರ ಹಿಂಗಾಲಿ ಬರಬೇಕು, ಪೆಡಲು ಕಡ್ಡಿಗಳೊಳಗೆ ತೂರದಂತೆ ನಡುವೆ ಮತ್ತೊಂದು ಚೀಲ ಇಡಬೇಕು. ಮುಂದಿನ ಗಾಲಿ ಅತ್ತಿತ್ತ ತಿರುಗದಂತೆ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿಯಿಂದ ಬಾರಿಗೆ ಸೇರಿಸಿ ಸುತ್ತಬೇಕು. ಹಗ್ಗ ಕುಲುಕಾಟಕ್ಕೆ ಸಡಿಲವಾಗುತ್ತದೆ, ಟ್ಯೂಬು ಎಳೆದಷ್ಟೂ ಹಿಡಿಯುತ್ತದೆ. ಹನೂರಿನಲ್ಲಿ ಬಸ್ಸು ನಿಂತಾಗ ಅವನು ಯಾರೂ ಹೇಳದೆಯೇ ಮತ್ತೆ ಏಣಿ ಹತ್ತಿ ಒಂದೊಂದು ಗಂಟನ್ನೂ ಮುಟ್ಟಿ ನೋಡಿ ಬಂದ.

ನಮ್ಮ ಸೀಮೆಯಲ್ಲಿ ಬಸ್ಸೂ ಸೈಕಲ್ಲೂ ಜೊತೆಯಾಗಿಯೇ ಕೆಲಸ ಮಾಡಿದವು. ಬಸ್ಸು ಬರುತ್ತಿದ್ದುದು ದೊಡ್ಡ ರಸ್ತೆಗೆ ಮಾತ್ರ. ಹೂಗ್ಯಂ, ಮಿಣ್ಯಂ, ದಿನ್ನಳ್ಳಿ ಕಡೆಯ ದೊಡ್ಡಿಗಳಿಗೆ ರಸ್ತೆಯಿಂದ ಇಳಿದು ಮೈಲಿಗಟ್ಟಲೆ ಹೋಗಬೇಕಿತ್ತು. ರೇಷ್ಮೆಗೂಡು ಬಿಡಿಸಿದವರು ನಸುಕಿನಲ್ಲೇ ಚೀಲವನ್ನು ಕ್ಯಾರಿಯರಿಗೆ ಕಟ್ಟಿಕೊಂಡು ರಸ್ತೆಗೆ ಬರುತ್ತಿದ್ದರು. ಚೀಲವೂ ಸೈಕಲ್ಲೂ ಟಾಪಿಗೆ, ಮನುಷ್ಯ ಒಳಕ್ಕೆ. ಕೊಳ್ಳೇಗಾಲದಲ್ಲಿ ಇಳಿದರೆ ಗೂಡಿನ ಮಾರುಕಟ್ಟೆಗೆ ಅದೇ ಸೈಕಲ್ಲು, ಅಲ್ಲಿಂದ ಗೊಬ್ಬರದಂಗಡಿಗೆ, ಸಂಜೆ ಬಸ್‌ಸ್ಟ್ಯಾಂಡಿಗೂ ಅದೇ. ಸೈಕಲ್ಲಿಗೆ ಲಗೇಜಿನ ಕಾಸು ಕೊಟ್ಟರೆ ಮುಗಿಯಿತು. ಮನೆಬಾಗಿಲಿನಿಂದ ಮಾರುಕಟ್ಟೆಯ ಬಾಗಿಲವರೆಗೆ ಬಡವನಿಗೂ ತನ್ನದೇ ಗಾಡಿ ಇತ್ತು.

ಈ ಓಡಾಟಕ್ಕೆ ಪೆಟ್ಟು ಬಿದ್ದದ್ದು 1992ರಲ್ಲಿ. ಆ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಪೊಲೀಸರನ್ನು ಕೊಂದಿತು. ಅದೇ ವರ್ಷದ ಆಗಸ್ಟ್ 14ರಂದು ಮಿಣ್ಯಂ ದಾರಿಯಲ್ಲಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಅವರು ಅದೇ ತಂಡದ ದಾಳಿಗೆ ಬಲಿಯಾದರು. ಆಮೇಲಿನ ವರ್ಷಗಳಲ್ಲಿ ಹೊತ್ತು ಇಳಿಯುವ ಮುಂಚೆಯೇ ಸೈಕಲ್ಲಿನವರು ಮನೆ ಸೇರಿಕೊಳ್ಳುತ್ತಿದ್ದರು. ಕಡೇ ಬಸ್ಸಿನಿಂದ ಸೈಕಲ್ಲು ಇಳಿಸಿಕೊಂಡು ಕಾಡಂಚಿನ ದಾರಿ ಹಿಡಿಯುವ ಧೈರ್ಯ ಯಾರಿಗಿತ್ತು?

ಕಾಡು ಶಾಂತವಾಗುವ ಹೊತ್ತಿಗೆ ಬಸ್ಸೇ ಬದಲಾಗಿತ್ತು. ಹೊಸ ಬಸ್ಸುಗಳಿಗೆ ಹಿಂದೆ ಏಣಿಯಿಲ್ಲ, ಟಾಪಿನಲ್ಲಿ ಕಟಕಟೆಯಿಲ್ಲ. ಟಾಪಿನ ಮೇಲೆ ಜನ ಕೂತು ಸಾಯುವುದು ತಪ್ಪಿತು, ಅದು ಒಳ್ಳೆಯದೇ. ಆದರೆ ಸೈಕಲ್ಲಿಗೆ ಬೇರೆ ಜಾಗವನ್ನು ಯಾರೂ ಮಾಡಲಿಲ್ಲ. ವಿಚಿತ್ರವೆಂದರೆ ಹಳ್ಳಿಗಳಿಗೆ ಹೊಸ ಸೈಕಲ್ಲುಗಳು ರಾಶಿಯಾಗಿ ಬಂದದ್ದು ಆಗಲೇ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು, ಮರುವರ್ಷ ಗಂಡುಮಕ್ಕಳಿಗೂ ಸಿಕ್ಕಿತು. ಆ ಮಕ್ಕಳು ಹೈಸ್ಕೂಲು ಮುಗಿಸಿ ಹನೂರಿಗೋ ಕೊಳ್ಳೇಗಾಲಕ್ಕೋ ಕಾಲೇಜಿಗೆ ಹೊರಟಾಗ ಸೈಕಲ್ಲು ರಸ್ತೆಬದಿಯ ಅಂಗಡಿಯ ಗೋಡೆಗೆ ಒರಗಿ ಬಿಸಿಲಿನಲ್ಲಿ ಕಾಯತೊಡಗಿತು.

ಮಗಳಿಗೆ ಇದನ್ನೆಲ್ಲ ಹೇಳಿಯೇ ಸ್ಟ್ಯಾಂಡಿನ ಮಾತಿಗೆ ಬಂದೆ. ಕೊಕ್ಕೆಯದು ಬೇಡ, ಅವಳ ಕಾರಿಗೆ ಕೊಕ್ಕೆಯೇ ಇಲ್ಲ. ಡಿಕ್ಕಿಗೆ ಕಟ್ಟುವುದು ಅಗ್ಗ, ಎತ್ತಿ ಇಡುವುದೂ ಸುಲಭ. ಆದರೆ ಸೈಕಲ್ಲು ನಂಬರ್ ಪ್ಲೇಟನ್ನೂ ಕೆಂಪು ದೀಪಗಳನ್ನೂ ಮರೆಮಾಡಬಾರದು, ಅವು ಹಿಂದಿನವರಿಗೆ ಕಾಣಲೇಬೇಕು. ಮೊಮ್ಮಗಳದು ಬಾರ್ ಇಲ್ಲದ ಲೇಡಿಸ್ ಸೈಕಲ್, ಅದನ್ನು ತೂಗುಹಾಕಲು ಬೇರೆ ಬಾರು ಕೊಂಡು ಜೋಡಿಸಬೇಕು. ಉಳಿದದ್ದು ನೆತ್ತಿಯದು. ನೆತ್ತಿ ಎಷ್ಟು ಭಾರ ತಾಳುತ್ತದೆಂದು ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಎರಡು ಸೈಕಲ್ಲಿನ ಜೊತೆ ಸ್ಟ್ಯಾಂಡಿನ ತೂಕವನ್ನೂ ಕೂಡಿಸಿ ನೋಡು ಎಂದೆ. ನೋಡಿದಳು, ಮಿತಿಯೊಳಗೇ ಇತ್ತು. "ಗಾಲಿ ಕೂರುವ ದೋಣಿ ಇರಬೇಕು, ಹಿಡಿತ ಮಾತ್ರ ಫ್ರೇಮಿಗೇ ಬೀಳಬೇಕು. ಹನೂರಿನಲ್ಲಿ ನಿಲ್ಲಿಸಿ ಪಟ್ಟಿಗಳನ್ನು ಒಮ್ಮೆ ಮುಟ್ಟಿ ನೋಡು. ನಮ್ಮ ಮನೆಯ ಗೇಟಿನ ಕಮಾನು ತಗ್ಗು, ಹೊರಗೇ ಸೈಕಲ್ ಇಳಿಸಿಕೊಂಡು ಒಳಗೆ ಬಾ" ಎಂದೆ.

ಬಂದಳು. ಸೈಕಲ್ಲುಗಳಿಗೆ ಒಂದು ಗೀರೂ ಆಗಿರಲಿಲ್ಲ. ಮುಂದಿನ ಗಾಲಿಗೆ ನಾನು ಕೊಟ್ಟು ಕಳಿಸಿದ್ದ ಟ್ಯೂಬಿನ ಪಟ್ಟಿಯನ್ನೇ ಸುತ್ತಿದ್ದಳು.

2021ರ ಸುಮಾರಿಗೆ ಬೆಂಗಳೂರಿನ ಬಿಎಂಟಿಸಿ ಕೆಲವು ಬಸ್ಸುಗಳ ಮುಂಭಾಗಕ್ಕೆ ಸೈಕಲ್ ಸ್ಟ್ಯಾಂಡು ಕೂರಿಸಿ ನೋಡಿತು. ಅಂಥ ಸ್ಟ್ಯಾಂಡು ಕೊಳ್ಳೇಗಾಲದಿಂದ ಹನೂರು, ರಾಮಾಪುರದ ಕಡೆಗೆ ಹೋಗುವ ಬಸ್ಸಿಗೂ ಬರಬೇಕು. ಕಾರುಳ್ಳ ನನ್ನ ಮಗಳಿಗೆ ಅಂಗಡಿಯಲ್ಲಿ ಸ್ಟ್ಯಾಂಡು ಸಿಕ್ಕಿತು. ಮಿಣ್ಯಂ ದಾರಿಯಲ್ಲಿ ಬೆಳಗ್ಗೆ ಸೈಕಲ್ಲು ತುಳಿದು ಬಂದು ಬಸ್ಸಿಗೆ ಕಾಯುವ ಹುಡುಗಿಗೆ ಅದನ್ನು ಕೊಡಬೇಕಾದ್ದು ಬಸ್ಸು. ಅವಳ ಅಜ್ಜನಿಗೆ ಕೊಟ್ಟಿತ್ತಲ್ಲ.