ಮೂಟೆ ಎತ್ತುವ ನಡುವಿನ ಲೆಕ್ಕ

ಎಪಿಎಂಸಿ ಯಾರ್ಡಿನಲ್ಲಿ ಲಾರಿಯಿಂದ ಅಕ್ಕಿ ಮೂಟೆ ಇಳಿಸುವುದನ್ನು ಗಮನಿಸಿ. ಮೇಲಿದ್ದವರು ಮೂಟೆಯನ್ನು ಅಂಚಿಗೆ ಎಳೆದುಕೊಡುತ್ತಾರೆ, ಕೆಳಗಿನ ಹಮಾಲ ಬೆನ್ನು ಕೊಟ್ಟು ಹೊತ್ತೊಯ್ಯುತ್ತಾನೆ. ನೆಲದ ಮೂಟೆಯನ್ನು ಒಬ್ಬನೇ ಬಗ್ಗಿ ಎತ್ತುವುದು ಕಡಿಮೆ. ಈ ರೂಢಿಯ ಹಿಂದಿನ ಜಾಣತನವನ್ನು ಅಂಕಿಗಳಲ್ಲಿ ತೋರಿಸುವ ಶಾಸ್ತ್ರವೇ ಬಯೋಮೆಕ್ಯಾನಿಕ್ಸ್. ದುಡಿಯುವ ದೇಹದ ಮೇಲೆ ಬೀಳುವ ಬಲಗಳ ಅಧ್ಯಯನ.

ಭಾರಕ್ಕಿಂತ ದೂರ

ಬೆನ್ನುಮೂಳೆಯ ಬುಡದ ಡಿಸ್ಕಿನಿಂದ (ಮೂಳೆಗಳ ನಡುವಿನ ಮೆತ್ತೆಯಿಂದ) ಸುಮಾರು 5 ಸೆಂ.ಮೀ. ಹಿಂದೆ, ಬಗ್ಗಿದ ಮೈಯನ್ನು ಎಳೆದು ಹಿಡಿಯುವ ಸ್ನಾಯುಗಳಿವೆ. 20 ಕೆ.ಜಿ. ಪೆಟ್ಟಿಗೆಯನ್ನು ಡಿಸ್ಕಿನಿಂದ 50 ಸೆಂ.ಮೀ. ಮುಂದೆ ಹಿಡಿದರೆ ದೂರ ಹತ್ತು ಪಟ್ಟು. ಹಾಗಾಗಿ ಸ್ನಾಯು 200 ಕೆ.ಜಿ. ತೂಕದಷ್ಟು ಬಲದಿಂದ ಎಳೆಯಬೇಕು. ಬಗ್ಗಿದ ಮೈಯ ಭಾರ ಈ ಲೆಕ್ಕಕ್ಕೆ ಇನ್ನೂ ಸೇರಿಲ್ಲ! ಆ ಎಳೆತ ಡಿಸ್ಕನ್ನೇ ಅದುಮುತ್ತದೆ. ಪೆಟ್ಟಿಗೆಯನ್ನು 25 ಸೆಂ.ಮೀ.ಗೆ ತಂದರೆ ಎಳೆತ ಅರ್ಧಕ್ಕಿಳಿಯುತ್ತದೆ. ಬೆನ್ನಿಗಂಟಿದ ಮೂಟೆಯಲ್ಲಿ ಈ ದೂರ ಇನ್ನೂ ಕಡಿಮೆ. ತಲೆಹೊರೆಯೂ ನಡುವಿಗೆ ಅನುಕೂಲವೇ, ಆದರೆ ಅದರ ಒತ್ತಡ ಕತ್ತಿಗೆ ಬೀಳುತ್ತದೆ.

ಹೊತ್ತಿನ ಪ್ರಶ್ನೆಯೂ ಇದೆ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಎದ್ದ ಕೂಡಲೇ ಬಗ್ಗಿ ಎತ್ತಿದರೆ ಅದಕ್ಕೆ ಪೆಟ್ಟು ಹೆಚ್ಚು. ಮಾರುಕಟ್ಟೆಯ ಕೆಲಸ ಶುರುವಾಗುವುದು ಮಾತ್ರ ನಸುಕಿನಲ್ಲೇ.

ಅಳೆದದ್ದು ಹೇಗೆ?

ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿಗೇ ಸೂಜಿ ಇಳಿಸಿ ಒತ್ತಡ ಅಳೆದರು. ಈಗ ಚರ್ಮಕ್ಕೆ ಅಂಟಿಸಿದ ಎಲೆಕ್ಟ್ರೋಡು, ಚಲನೆ ಹಿಡಿಯುವ ಕ್ಯಾಮೆರಾ, ಕಾಲಡಿಯ ಬಲಮಾಪಕಗಳಿಂದ ಅಂದಾಜು ಮಾಡುತ್ತಾರೆ.

23 ಕೆ.ಜಿ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲ ಇದ್ದಾಗಲೂ ಎತ್ತಬಹುದಾದ ಮಿತಿ 23 ಕೆ.ಜಿ. ಅನುಕೂಲ ಎಂದರೆ ಭಾರ ಮೈಗೆ ಹತ್ತಿರವಿರಬೇಕು, ಕೈಗಳು ಸುಮಾರು 75 ಸೆಂ.ಮೀ. ಎತ್ತರದಲ್ಲಿರಬೇಕು, ನಡು ತಿರುಚಬಾರದು, ಪದೇ ಪದೇ ಎತ್ತಬಾರದು. ನಮ್ಮ ಸಿಮೆಂಟ್ ಚೀಲದ ತೂಕ 50 ಕೆ.ಜಿ.

ತಡೆ ಯಾವುದರಲ್ಲಿ?

ಸೊಂಟದ ಬೆಲ್ಟ್ ಗಾಯ ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು 1994ರಲ್ಲೇ ನಿಯೋಶ್ ಹೇಳಿತ್ತು. ‘ಮೊಣಕಾಲು ಮಡಚಿ ಎತ್ತಿ’ ಎಂಬ ತರಬೇತಿಯೊಂದರಿಂದಲೂ ನಡುನೋವು ಕಡಿಮೆಯಾದದ್ದು ಸಾಬೀತಾಗಿಲ್ಲ. ದೊಡ್ಡ ಮೂಟೆ ಮೊಣಕಾಲುಗಳ ನಡುವೆ ಹಿಡಿಸುವುದೂ ಇಲ್ಲ. ಬದಲಾಗಬೇಕಾದದ್ದು ಕೆಲಸದ ಏರ್ಪಾಡು: ಚಿಕ್ಕ ಚೀಲ, ಲಾರಿಯ ಮಟ್ಟಕ್ಕೆ ಕಟ್ಟೆ, ಸೊಂಟದೆತ್ತರದ ಅಟ್ಟಿ. ಗೋದಾಮಿನ ಮಾಲೀಕರು ಬೆಲ್ಟಿಗೆ ಹಾಕುವ ದುಡ್ಡನ್ನು ಕೈಗಾಡಿಗೆ ಹಾಕಲಿ.