ಹಾಡಿನ ಧಾಟಿಗೆ ಒಡೆಯರು ಯಾರು?

2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ಚಲನಚಿತ್ರವನ್ನು ಕರಾವಳಿಯಿಂದ ಬಂದು ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಯಲ್ಲಿ ನೆಲೆನಿಂತ ನಮ್ಮವರು ಕೇವಲ ಒಂದು ಸಿನಿಮಾ ಎಂದು ನೋಡಲಿಲ್ಲ. ಭೂತಕೋಲವನ್ನು ಊರಿನಲ್ಲಿ ಕಂಡು ಬೆಳೆದವರಿಗೆ ಅದು ಮನೆಯದೇ ವಿಷಯವಾಗಿತ್ತು. ಅದರ ‘ವರಾಹ ರೂಪಂ’ ಹಾಡು ಮಾಜಿವಾಡಾದ ಮನೆಮನೆಗಳಲ್ಲಿ ಭಕ್ತಿಗೀತೆಯಂತೆ ಕೇಳಿಬಂತು. ಆದ್ದರಿಂದಲೇ, ಕೇರಳದ ‘ತೈಕ್ಕುಡಂ ಬ್ರಿಡ್ಜ್’ ಎಂಬ ವಾದ್ಯವೃಂದವು ಈ ಹಾಡು ತಾವು ಕೆಲವು ವರ್ಷಗಳ ಹಿಂದೆಯೇ ರಚಿಸಿದ ‘ನವರಸಂ’ ಎಂಬ ಕೃತಿಯ ನಕಲೆಂದು ಆಕ್ಷೇಪಿಸಿದಾಗ ನಮ್ಮಲ್ಲಿ ಅನೇಕರಿಗೆ ನೋವಾಯಿತು, ಕೆಲವರಿಗೆ ಸಿಟ್ಟೂ ಬಂತು. ನೋವು, ಸಿಟ್ಟು ಎರಡನ್ನೂ ಬದಿಗಿಟ್ಟು, ಇಂತಹ ವ್ಯಾಜ್ಯಗಳಲ್ಲಿ ಕಾನೂನು ಏನನ್ನು ನೋಡುತ್ತದೆ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಆ ಪ್ರಕರಣದ ಗತಿಯನ್ನೇ ನೋಡೋಣ. ಚಿತ್ರದ ಸಂಗೀತ ನಿರ್ದೇಶಕರಾದ ಬಿ. ಅಜನೀಶ್ ಲೋಕನಾಥ್ ಅವರು ತಮ್ಮ ಹಾಡಿನಲ್ಲಿ ತೋಡಿ, ವರಾಳಿ, ಮುಖಾರಿ ರಾಗಗಳಿದ್ದು, ರಾಗದ ಸಂಚಾರ ಮತ್ತು ರಾಕ್ ಶೈಲಿಯ ಕಾರಣದಿಂದ ಸಾಮ್ಯ ತೋರಬಹುದೇ ಹೊರತು ಅದು ನಕಲಲ್ಲವೆಂದು ಸಮರ್ಥಿಸಿಕೊಂಡರು. ವಾದ್ಯವೃಂದದವರು ಕೋಝಿಕ್ಕೋಡಿನ ಜಿಲ್ಲಾ ನ್ಯಾಯಾಲಯಕ್ಕೂ, ‘ನವರಸಂ’ನ ಹಕ್ಕು ಹೊಂದಿದ್ದ ಮಾತೃಭೂಮಿ ಸಂಸ್ಥೆಯವರು ಪಾಲಕ್ಕಾಡಿನ ನ್ಯಾಯಾಲಯಕ್ಕೂ ಹೋದರು. ಎರಡೂ ಕಡೆ ಹಾಡಿನ ಬಳಕೆಗೆ ತಡೆಯಾಜ್ಞೆ ದೊರೆಯಿತು. ಆ ವರ್ಷದ ನವೆಂಬರ್ 24ರಂದು ಚಿತ್ರವು ಅಮೆಜಾನ್ ಪ್ರೈಮ್‌ನಲ್ಲಿ ಬಂದಾಗ ಅದೇ ಸಾಹಿತ್ಯಕ್ಕೆ ಬೇರೆ ಧಾಟಿ ಇದ್ದುದನ್ನು ಕಂಡು ಪ್ರೇಕ್ಷಕರು ನಿರಾಶರಾದದ್ದು ಓದುಗರಿಗೆ ನೆನಪಿರಬಹುದು. ಅದಾದ ಕೆಲವೇ ದಿನಗಳಲ್ಲಿ, ಮೊಕದ್ದಮೆಯನ್ನು ವಿಚಾರಿಸುವ ವ್ಯಾಪ್ತಿ ತನಗಿಲ್ಲವೆಂದು ಕೋಝಿಕ್ಕೋಡಿನ ನ್ಯಾಯಾಲಯವು ದಾವೆಯನ್ನು ಹಿಂದಿರುಗಿಸಿತು. ಪಾಲಕ್ಕಾಡಿನ ತಡೆಯೂ ತೆರವಾಯಿತು. ಮೂಲ ಧಾಟಿ ಮರಳಿತು.

ಇದನ್ನೇ ‘ಕನ್ನಡಕ್ಕೆ ಜಯ’ ಎಂದು ಸಂಭ್ರಮಿಸಿದವರಿದ್ದಾರೆ. ಆದರೆ ಆಗ ತೀರ್ಮಾನವಾದದ್ದು ಯಾವ ಊರಿನ ನ್ಯಾಯಾಲಯ ಎಂಬ ಪ್ರಶ್ನೆಯೇ ಹೊರತು ಯಾರ ಧಾಟಿ ಎಂಬ ಪ್ರಶ್ನೆಯಲ್ಲ. ಅದೇ ವಿಷಯದ ಕ್ರಿಮಿನಲ್ ದೂರಿನಲ್ಲಿ ನಿರ್ದೇಶಕ ರಿಷಬ್ ಶೆಟ್ಟಿ ಹಾಗೂ ನಿರ್ಮಾಪಕ ವಿಜಯ್ ಕಿರಗಂದೂರು ಅವರಿಗೆ ಕೇರಳ ಉಚ್ಚ ನ್ಯಾಯಾಲಯವು 2023ರ ಫೆಬ್ರವರಿಯಲ್ಲಿ ನಿರೀಕ್ಷಣಾ ಜಾಮೀನು ನೀಡುವಾಗ, ಈ ಹಾಡಿನೊಂದಿಗೆ ಚಿತ್ರವನ್ನು ಪ್ರದರ್ಶಿಸಬಾರದೆಂಬ ಷರತ್ತು ವಿಧಿಸಿತ್ತು. ಎರಡೇ ದಿನಗಳಲ್ಲಿ, ಫೆಬ್ರವರಿ 10ರಂದು, ಸರ್ವೋಚ್ಚ ನ್ಯಾಯಾಲಯವು ಆ ಷರತ್ತಿಗೆ ತಡೆ ನೀಡಿತು. ಜಾಮೀನಿನ ಅರ್ಜಿಯೊಳಗೆ ಕೃತಿಸ್ವಾಮ್ಯದ ತೀರ್ಪನ್ನು ಸೇರಿಸಬಾರದೆಂಬುದು ನಮಗೂ ಒಪ್ಪಿಗೆಯಾಗುವ ಮಾತೇ. ಆದರೆ ಎರಡೂ ಹಾಡುಗಳನ್ನು ಒಂದರ ಬೆನ್ನಿಗೆ ಒಂದನ್ನು ಕೇಳಿದ ಯಾರಿಗೂ ಆಕ್ಷೇಪಕ್ಕೆ ಆಧಾರವೇ ಇರಲಿಲ್ಲ ಎಂದು ಹೇಳುವುದು ಕಷ್ಟ. ಸಾಮ್ಯ ಕೇಳಿಸುವುದು ಬೇರೆ, ಅದು ಕಾನೂನಿನ ಉಲ್ಲಂಘನೆಯಾಗುವುದು ಬೇರೆ. ಈ ಎರಡರ ನಡುವಿನ ಅಂತರವೇ ಇಲ್ಲಿ ಮುಖ್ಯವಾದುದು.

ರಾಗಕ್ಕೆ ಒಡೆಯರಿಲ್ಲ. ಮೋಹನವನ್ನಾಗಲೀ ಹಿಂದೋಳವನ್ನಾಗಲೀ ಯಾರೂ ನೋಂದಾಯಿಸಿಕೊಳ್ಳಲಾರರು, ವರ್ಣಮಾಲೆಗೆ ಒಡೆಯರಿಲ್ಲದಂತೆ. ಆದರೆ ಆ ಅಕ್ಷರಗಳಿಂದ ಒಬ್ಬರು ಬರೆದ ಪದ್ಯ ಅವರದ್ದಾಗುವಂತೆ, ಒಂದು ರಾಗದ ಸ್ವರಗಳನ್ನು ತಾಳದೊಳಗೆ ನಿರ್ದಿಷ್ಟ ಕ್ರಮದಲ್ಲಿ ಜೋಡಿಸಿದ ಸಂಯೋಜನೆ ಸಂಯೋಜಕರದು. 1957ರ ಕೃತಿಸ್ವಾಮ್ಯ ಅಧಿನಿಯಮವು ಮೊದಲು ಸಂಗೀತ ಕೃತಿ ಎಂದರೆ ಬರಹದಲ್ಲಿ ಅಥವಾ ಮುದ್ರಣದಲ್ಲಿ ಇಳಿಸಿದ ಸ್ವರಸಂಯೋಜನೆ ಎಂದೇ ವಿವರಿಸಿತ್ತು. ಸ್ವರಲಿಪಿಯನ್ನು ಬರೆದಿಡುವ ರೂಢಿ ಕಡಿಮೆಯಾಗಿದ್ದ ನಮ್ಮ ದೇಶದಲ್ಲಿ ಇದು ಸಂಯೋಜಕರಿಗೆ ತೊಡಕಾಗಿತ್ತು. 1994ರ ತಿದ್ದುಪಡಿಯು ಬರಹದ ಈ ಅಗತ್ಯವನ್ನು ತೆಗೆದುಹಾಕಿತು. ಹಾಡಿನ ಸಾಹಿತ್ಯ ಒಂದು ಕೃತಿ, ಧಾಟಿ ಇನ್ನೊಂದು ಕೃತಿ, ಧ್ವನಿಮುದ್ರಣ ಮೂರನೆಯ ಕೃತಿ. ಮೂರಕ್ಕೂ ಬೇರೆಬೇರೆ ಒಡೆಯರಿರಬಹುದು.

ನಮ್ಮ ಠಾಣೆ ಜಿಲ್ಲೆಯೂ ಒಳಪಡುವ ಮುಂಬಯಿ ಉಚ್ಚ ನ್ಯಾಯಾಲಯದಲ್ಲೇ ಈ ಕುರಿತ ಪ್ರಸಿದ್ಧ ಪ್ರಕರಣವೊಂದು ನಡೆದಿದೆ. ಸಂಯೋಜಕ ರಾಮ್ ಸಂಪತ್ ಅವರು ಸೋನಿ ಎರಿಕ್‌ಸನ್ ಮೊಬೈಲಿನ ಜಾಹೀರಾತಿಗಾಗಿ ‘ದ ಥಂಪ್’ ಎಂಬ ಧಾಟಿಯನ್ನು ಮಾಡಿದ್ದರು. 2008ರ ಏಪ್ರಿಲ್ 11ರಂದು ಬಿಡುಗಡೆಗೆ ಸಿದ್ಧವಾಗಿದ್ದ, ರಾಜೇಶ್ ರೋಶನ್ ಅವರ ಸಂಗೀತದ ‘ಕ್ರೇಜಿ 4’ ಹಿಂದಿ ಚಿತ್ರದ ಹಾಡುಗಳಲ್ಲಿ ಅದೇ ಧಾಟಿ ಇದೆಯೆಂದು ಅವರು ಮೊರೆಹೋದರು. ಬಿಡುಗಡೆಯ ಹೊಸ್ತಿಲಲ್ಲಿ ನ್ಯಾಯಮೂರ್ತಿ ಡಿ. ಜಿ. ಕಾರ್ಣಿಕ್ ಅವರು ಆ ಹಾಡುಗಳನ್ನು ತೆಗೆಯದೆ ಚಿತ್ರವನ್ನು ಬಿಡುಗಡೆ ಮಾಡಬಾರದೆಂದು ಆದೇಶಿಸಿದರು. ಎಷ್ಟು ಸೆಕೆಂಡುಗಳಷ್ಟು ತೆಗೆದುಕೊಂಡಿದ್ದಾರೆ ಎಂಬ ಅಳತೆ ಮುಖ್ಯವಲ್ಲ, ತೆಗೆದುಕೊಂಡ ಭಾಗವು ಹಾಡಿನ ಜೀವಾಳವೇ, ಅದನ್ನು ತೆಗೆದರೆ ಹಾಡು ಉಳಿಯುತ್ತದೆಯೇ ಎಂಬುದನ್ನು ನೋಡಬೇಕೆಂಬುದು ಆ ಆದೇಶದ ತಿರುಳು. ನಿರ್ಮಾಪಕರು 2 ಕೋಟಿ ರೂಪಾಯಿ ಕೊಟ್ಟು ರಾಜಿ ಮಾಡಿಕೊಂಡರೆಂದು ಆಗ ವರದಿಯಾಯಿತು. ಐದಾರು ಸೆಕೆಂಡುಗಳಷ್ಟು ಬಳಸಿದರೆ ಏನೂ ತೊಂದರೆಯಿಲ್ಲ ಎಂಬ ನಂಬಿಕೆ ಈಗಲೂ ಜನರಲ್ಲಿದೆ. ಅಂತಹ ರಿಯಾಯಿತಿ ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ.

ಕದಿಯುವ ಉದ್ದೇಶವಿರಬೇಕೆಂಬುದೂ ಅನಿವಾರ್ಯವಲ್ಲ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ 1970ರ ‘ಮೈ ಸ್ವೀಟ್ ಲಾರ್ಡ್’ ಹಾಡು 1963ರ ‘ಹೀ ಈಸ್ ಸೋ ಫೈನ್’ ಹಾಡಿನಂತಿದೆ ಎಂಬ ದಾವೆಯಲ್ಲಿ, ನ್ಯೂಯಾರ್ಕಿನ ನ್ಯಾಯಾಧೀಶರು 1976ರಲ್ಲಿ, ಹ್ಯಾರಿಸನ್ ಬೇಕೆಂದು ಕದ್ದಿಲ್ಲ, ಆದರೆ ಎಂದೋ ಕೇಳಿದ ಧಾಟಿ ಅವರ ಒಳಮನಸ್ಸಿನಿಂದ ಹೊರಬಂದಿದೆ ಎಂದು ತೀರ್ಮಾನಿಸಿ, ಅದನ್ನೂ ಉಲ್ಲಂಘನೆ ಎಂದೇ ಪರಿಗಣಿಸಿದರು. ಸಂಗೀತದ ಮನೆಯಲ್ಲಿ ಬೆಳೆದ ಯಾರಿಗಾದರೂ ಇದು ಭಯ ಹುಟ್ಟಿಸುವ ತತ್ತ್ವ.

ಶಾಸ್ತ್ರೀಯ ಪರಂಪರೆಯ ವಿಷಯ ಬಂದಾಗ ಪ್ರಶ್ನೆ ಇನ್ನೂ ಜಟಿಲವಾಗುತ್ತದೆ. ಎ. ಆರ್. ರೆಹಮಾನ್ ಅವರ ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರದ ‘ವೀರ ರಾಜ ವೀರ’ ಹಾಡು ಕಿರಿಯ ಡಾಗರ್ ಸಹೋದರರ ‘ಶಿವಸ್ತುತಿ’ಯನ್ನು ಆಧರಿಸಿದೆಯೆಂದು ಧ್ರುಪದ ಗಾಯಕ ಫೈಯಾಜ್ ವಾಸಿಫುದ್ದೀನ್ ಡಾಗರ್ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2025ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು ರಾಗ ಎಲ್ಲರದಾದರೂ ಅದರೊಳಗಿನ ಸಂಯೋಜನೆಗೆ ರಕ್ಷಣೆಯಿದೆಯೆಂದು ಹೇಳಿ, ಡಾಗರ್ ಸಹೋದರರ ಹೆಸರನ್ನು ಹಾಡಿನೊಡನೆ ನಮೂದಿಸುವಂತೆಯೂ 2 ಕೋಟಿ ರೂಪಾಯಿ ಠೇವಣಿ ಇಡುವಂತೆಯೂ ಆದೇಶಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠವು ಆ ಆದೇಶವನ್ನು ರದ್ದುಪಡಿಸಿತು. ಡಾಗರ್ ಸಹೋದರರು ಆ ಕೃತಿಯನ್ನು ಹಾಡಿದ್ದಾರೆಂಬುದರಿಂದಲೇ ಅವರೇ ಅದರ ಕರ್ತೃಗಳೆಂದು ಮೇಲ್ನೋಟಕ್ಕೂ ಹೇಳಲಾಗದು ಎಂಬುದು ಪೀಠದ ಕಾರಣ. ಗುರುಮುಖದಿಂದ ಕಲಿತು, ಬರೆದಿಡದೆ ಮುಂದಿನ ಪೀಳಿಗೆಗೆ ದಾಟಿಸುವ ಸಂಗೀತಕ್ಕೆ ಇದು ಗಂಭೀರವಾದ ಮಾತು. ಹಾಡಿದವರು ಬೇರೆ, ಕಟ್ಟಿದವರು ಬೇರೆ ಎಂಬುದನ್ನು ನಮ್ಮ ದೇಶ ಎಂದೂ ಲೆಕ್ಕವಿಟ್ಟು ನೋಡಿಲ್ಲ.

ಹಾಗೆಂದು ವ್ಯಾಜ್ಯ ಹೂಡುವವರು ಯಾವಾಗಲೂ ಕಟ್ಟಿದವರೇ ಆಗಿರುವುದಿಲ್ಲ. 2016ರ ‘ಕಿರಿಕ್ ಪಾರ್ಟಿ’ಯ ಹಾಡೊಂದು ಹಂಸಲೇಖ ಸಂಗೀತದ ‘ಶಾಂತಿ ಕ್ರಾಂತಿ’ ಚಿತ್ರದ ಹಾಡನ್ನು ಬಳಸಿಕೊಂಡಿದೆ ಎಂದು ದೂರಿತ್ತದ್ದು ಹಂಸಲೇಖ ಅವರಲ್ಲ, ಹಕ್ಕು ಹೊಂದಿದ್ದ ಲಹರಿ ಸಂಸ್ಥೆ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಹಾಡು ಮಾಡಿಸಿದ ನಿರ್ಮಾಪಕರೇ ಅದರ ಮೊದಲ ಒಡೆಯರೆಂದು ತೀರ್ಪಿತ್ತಿತ್ತು. ಕವಿಗೂ ಸಂಯೋಜಕರಿಗೂ ಗೌರವಧನದ ಪಾಲನ್ನು ಬಿಟ್ಟುಕೊಡಲಾಗದ ಹಕ್ಕನ್ನಾಗಿ ಮಾಡಿದ್ದು 2012ರ ತಿದ್ದುಪಡಿ. ಅಷ್ಟರಲ್ಲಿ ನಮ್ಮ ಅನೇಕ ಹಿರಿಯ ಸಂಗೀತ ನಿರ್ದೇಶಕರು ಏನನ್ನೂ ಪಡೆಯದೆ ತೀರಿಕೊಂಡಿದ್ದರು.

ಈಗ ನಮ್ಮ ಸಂಘ ಸಂಸ್ಥೆಗಳ ವೇದಿಕೆಗೆ ಬರೋಣ. ಸಾಹಿತ್ಯ ಮತ್ತು ಧಾಟಿಗಳ ಕೃತಿಸ್ವಾಮ್ಯವು ಕರ್ತೃ ತೀರಿಕೊಂಡ ವರ್ಷದ ಅಂತ್ಯದಿಂದ 60 ವರ್ಷಗಳವರೆಗೆ ಇರುತ್ತದೆ. 1981ರಲ್ಲಿ ನಿಧನರಾದ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ನಿಧನರಾದ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ ರಕ್ಷಣೆಯಿದೆ. ಶಿಶುನಾಳ ಷರೀಫರು 1889ರಲ್ಲೇ ತೀರಿಕೊಂಡವರು. ಅವರ ಪದಗಳು ಎಲ್ಲರ ಸೊತ್ತು. ಆದರೆ ಆ ಪದಗಳಿಗೆ ಸಿ. ಅಶ್ವತ್ಥ್ ಸ್ವತಃ ಸಂಯೋಜಿಸಿದ ಧಾಟಿಗಳಿಗೆ, ಅವರು 2009ರಲ್ಲಿ ನಿಧನರಾದುದರಿಂದ, 2069ರವರೆಗೆ ರಕ್ಷಣೆಯಿದೆ. ದಾಸರ ಪದಗಳಿಗೂ ಇದೇ ನ್ಯಾಯ. ಪುರಂದರದಾಸರ ಸಾಹಿತ್ಯ ಹಳೆಯದು, ನಾವು ಇಂದು ಭಜನೆಯಲ್ಲಿ ಹಾಡುವ ಅನೇಕ ಧಾಟಿಗಳು ಇಪ್ಪತ್ತನೆಯ ಶತಮಾನದವು.

ನಾಡಗೀತೆಯ ವಿವಾದವನ್ನೂ ಇಲ್ಲಿ ನೆನೆಯಬೇಕು. ಅದು ನಕಲಿನ ವ್ಯಾಜ್ಯವಲ್ಲ. ಕುವೆಂಪು ಅವರ ಒಂದೇ ಗೀತೆಗೆ ಮೈಸೂರು ಅನಂತಸ್ವಾಮಿ ಮತ್ತು ಅಶ್ವತ್ಥ್ ಇಬ್ಬರ ಧಾಟಿಗಳಿದ್ದು, ಯಾವುದು ಅಧಿಕೃತವಾಗಬೇಕು ಎಂಬುದು. 2022ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರಕಾರವು ಅನಂತಸ್ವಾಮಿಯವರ ಧಾಟಿಯನ್ನು 2 ನಿಮಿಷ 30 ಸೆಕೆಂಡುಗಳ ಅವಧಿಗೆ ನಿಗದಿಪಡಿಸಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಉಚ್ಚ ನ್ಯಾಯಾಲಯ ವಜಾ ಮಾಡಿತು. ಧಾಟಿಯೊಂದು ಸಾಹಿತ್ಯದಷ್ಟೇ ಸ್ವತಂತ್ರವಾದ ಕೃತಿ ಎಂಬುದಕ್ಕೆ ಇದಕ್ಕಿಂತ ಮನೆಮಾತಾದ ಉದಾಹರಣೆ ಸಿಗದು. ಆದರೂ ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ನಿರೂಪಕರು ಹಾಡುವವರ ಹೆಸರು ಹೇಳುತ್ತಾರೆ, ಕವಿಯ ಹೆಸರನ್ನು ಕೆಲವೊಮ್ಮೆ ಹೇಳುತ್ತಾರೆ, ಧಾಟಿ ಮಾಡಿದವರ ಹೆಸರನ್ನು ಬಹುತೇಕ ಹೇಳುವುದೇ ಇಲ್ಲ. ಇದಕ್ಕೆ ಯಾವ ನ್ಯಾಯಾಲಯವೂ ಬೇಕಿಲ್ಲ. ಒಂದು ಸಾಲು ಹೆಚ್ಚು ಬರೆದುಕೊಂಡರೆ ಸಾಕು.

ಹವ್ಯಾಸಿ ಸಂಘಗಳಿಗೆ ಅಧಿನಿಯಮದ 52ನೇ ಕಲಮಿನಲ್ಲಿ ಒಂದು ಅನುಕೂಲವಿದೆ. ಪ್ರೇಕ್ಷಕರಿಂದ ಹಣ ಪಡೆಯದೆ, ಇಲ್ಲವೇ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವಾಗಿ ಹವ್ಯಾಸಿಗಳು ಹಾಡಿದರೆ ಅದು ಉಲ್ಲಂಘನೆಯಲ್ಲ. ಟಿಕೆಟ್ ಇಟ್ಟ ರಸಮಂಜರಿಗೆ ಈ ವಿನಾಯಿತಿ ಅನ್ವಯಿಸದು, ಪರವಾನಗಿ ಬೇಕು. ಸಭಾಂಗಣದೊಳಗಿನ ಈ ವಿನಾಯಿತಿಯು ಅದೇ ಹಾಡಿನ ವಿಡಿಯೋವನ್ನು ಯೂಟ್ಯೂಬಿಗೆ ಏರಿಸುವುದಕ್ಕೂ ವಿಸ್ತರಿಸುವುದಿಲ್ಲ. ಅಲ್ಲಿ ಯಂತ್ರವೇ ಧಾಟಿಯನ್ನು ಗುರುತಿಸಿ ಹಕ್ಕುದಾರರ ಪರವಾಗಿ ಆಕ್ಷೇಪ ಎತ್ತುತ್ತದೆ. ಮಕ್ಕಳು ಹಾಡಿದ್ದೇ, ಊರಿನ ಹಿರಿಯರು ಹಾಡಿದ್ದೇ ಎಂದು ಅದು ನೋಡುವುದಿಲ್ಲ. ಸಾಹಿತ್ಯವೂ ಧಾಟಿಯೂ ನಿಜಕ್ಕೂ ಪರಂಪರಾಗತವಾಗಿದ್ದರೆ ಆ ಆಕ್ಷೇಪವನ್ನು ಅಲ್ಲಿಯೇ ಪ್ರಶ್ನಿಸಬಹುದು. ಹಕ್ಕು ಕೋರಿದವರು 30 ದಿನಗಳೊಳಗೆ ಉತ್ತರಿಸದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ.