ಕ್ಷಯದ ದಂಡಾಣು ಮತ್ತು ಸಸ್ಯಸಾರ: ಪರೀಕ್ಷಾಕ್ರಮಗಳ ಸಮೀಕ್ಷೆ

ಆಡುಸೋಗೆ, ಬೆಳ್ಳುಳ್ಳಿ, ಹಿಪ್ಪಲಿಗಳ ಸಾರ ಕ್ಷಯವನ್ನು ಗುಣಪಡಿಸುತ್ತದೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದನ್ನು ಯಾವ ರೋಗಾಣುವಿನ ಮೇಲೆ, ಎಷ್ಟು ಪ್ರಮಾಣದಲ್ಲಿ, ಯಾವ ವಿಧಾನದಿಂದ ಪರೀಕ್ಷಿಸಲಾಯಿತು ಎಂಬ ವಿವರ ಮಾತ್ರ ಅಪರೂಪ. ಈ ಕ್ಷೇತ್ರದ ಚರಿತ್ರೆ ಬಹುಮಟ್ಟಿಗೆ ಆ ವಿವರಗಳ ಚರಿತ್ರೆಯೇ.

ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ದಂಡಾಣುವನ್ನು ತೋರಿಸುವವರೆಗೆ ಮೂಲಿಕೆಗಳ ಗುಣವನ್ನು ರೋಗಿಯ ಅನುಭವದಿಂದಲೇ ಅಳೆಯಬೇಕಿತ್ತು. ಆ ದಂಡಾಣುವಿನ ಸೋದರ ರೋಗಾಣುವಿನಿಂದ ಬರುವ ಕುಷ್ಠಕ್ಕೆ ಪಶ್ಚಿಮಘಟ್ಟದ ಗರುಡಫಲದ ಬೀಜದೆಣ್ಣೆ ಡ್ಯಾಪ್ಸೋನ್ ಎಂಬ ಔಷಧಿ ಬರುವವರೆಗೂ ಬಳಕೆಯಲ್ಲಿತ್ತು. ಆ ರೋಗಾಣು ಇಂದಿಗೂ ಕೃತಕ ಮಾಧ್ಯಮದಲ್ಲಿ ಬೆಳೆಯದಿರುವುದರಿಂದ ಎಣ್ಣೆಯ ಸಾಮರ್ಥ್ಯವನ್ನು ಗಾಜಿನ ನಳಿಕೆಯಲ್ಲಿ ಪರೀಕ್ಷಿಸಲಾಗಲಿಲ್ಲ. ಕ್ಷಯಕ್ಕಾದರೋ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್, ಆಮೇಲೆ ರಿಫಾಂಪಿಸಿನ್ ಬಂದಂತೆ ಸಸ್ಯಗಳ ಮೇಲಿನ ಆಸಕ್ತಿ ಕುಗ್ಗಿ, ಬಹು ಔಷಧನಿರೋಧಕ ಕ್ಷಯ ಬೆದರಿಸಿದಾಗ ಮರಳಿತು.

ಕ್ಷಯದ ದಂಡಾಣು ಇಮ್ಮಡಿಯಾಗಲು 15ರಿಂದ 20 ಗಂಟೆ ಹಿಡಿಯುವುದರಿಂದ, ಮೊಟ್ಟೆ ಬೆರೆಸಿದ ಲೋವೆನ್‌ಸ್ಟೈನ್–ಜೆನ್ಸೆನ್ ಮಾಧ್ಯಮದಲ್ಲಿ ಅದರ ಗುಂಪುಗಳು ಕಣ್ಣಿಗೆ ಕಾಣಲು ಹಲವು ವಾರಗಳೇ ಬೇಕು. ಕಾಲಿನ್ಸ್ ಮತ್ತು ಫ್ರಾಂಜ್‌ಬ್ಲೌ 1997ರಲ್ಲಿ ಪ್ರಕಟಿಸಿದ ಅಲಮಾರ್ ಬ್ಲೂ ವಿಧಾನ ಈ ಕಾಯುವಿಕೆಯನ್ನು ಸುಮಾರು ಒಂದು ವಾರಕ್ಕೆ ಇಳಿಸಿತು. ಪುಟ್ಟ ಗುಳಿಗಳ ತಟ್ಟೆಯಲ್ಲಿ ಜೀವಂತ ದಂಡಾಣುವಿದ್ದೆಡೆ ನೀಲಿ ಬಣ್ಣ ಗುಲಾಬಿಯಾಗುತ್ತದೆ, ನೀಲಿಯಾಗಿಯೇ ಉಳಿದ ಕೊನೆಯ ಗುಳಿ ಕನಿಷ್ಠ ಪ್ರತಿಬಂಧಕ ಸಾಂದ್ರತೆಯನ್ನು, ಅಂದರೆ ಬೆಳವಣಿಗೆಯನ್ನು ತಡೆಯಲು ಸಾಕಾಗುವ ಅತ್ಯಲ್ಪ ಪ್ರಮಾಣವನ್ನು ಹೇಳುತ್ತದೆ. ಅಲ್ಪ ಸಾರದಲ್ಲೇ ಪರೀಕ್ಷೆ ಮುಗಿಯುವುದರಿಂದ, ಸಾರವನ್ನು ಹಂತಹಂತವಾಗಿ ಬೇರ್ಪಡಿಸಿ, ಪ್ರತಿ ಭಾಗವನ್ನೂ ಪರೀಕ್ಷಿಸಿ ಸಕ್ರಿಯ ಸಂಯುಕ್ತವನ್ನು ಹಿಡಿಯುವ ಕ್ರಮ ಕೈಗೆಟುಕಿತು; ಈ ಕ್ಷೇತ್ರದ ಗಟ್ಟಿ ಕೆಲಸ ಬಹುಮಟ್ಟಿಗೆ ಆ ದಾರಿಯಲ್ಲಿ ನಡೆದಿದೆ.

ಅಡ್ಡದಾರಿಗಳೂ ಹೆಚ್ಚಿದವು. ಅಪಾಯಕಾರಿ ರೋಗಾಣುವಿಗೆ ಉನ್ನತ ಸುರಕ್ಷತೆಯ ಪ್ರಯೋಗಾಲಯ ಬೇಕಾದ್ದರಿಂದ, ಅದರ ಬದಲು ಬೇಗ ಬೆಳೆಯುವ ನಿರುಪದ್ರವಿ ಸ್ಮೆಗ್ಮ್ಯಾಟಿಸ್ ಜಾತಿಯನ್ನು ಬಳಸಿ, ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಅಗರ್ ತಟ್ಟೆಯ ಮೇಲಿಟ್ಟು, ಸುತ್ತಲಿನ ಬರಿದು ವಲಯವನ್ನು ಅಳೆಯುವುದು ರೂಢಿಯಾಯಿತು. ಆದರೆ ಎಣ್ಣೆಯಲ್ಲಷ್ಟೇ ಕರಗುವ ಸಂಯುಕ್ತಗಳು ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಮೇಣದಂಥ ಕವಚವುಳ್ಳ ದಂಡಾಣುವಿನೊಳಕ್ಕೆ ನುಗ್ಗಬಲ್ಲವು ಹಲವು ವೇಳೆ ಅವೇ. ಕ್ಷಯದ ಔಷಧಿ ಬೆಡಾಕ್ವಿಲಿನ್‌ನ ಮೊದಲ ಸುಳಿವು ಸ್ಮೆಗ್ಮ್ಯಾಟಿಸ್‌ನಿಂದಲೇ ಸಿಕ್ಕಿತೆಂಬುದು ನಿಜ, ಆದರೆ ಅಲ್ಲಿ ಪರೀಕ್ಷೆ ಅಷ್ಟಕ್ಕೇ ನಿಲ್ಲಲಿಲ್ಲ. ಆಗ್ರಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಡುಸೋಗೆ, ಬೆಳ್ಳುಳ್ಳಿ ಮೊದಲಾದ ಐದು ಸಸ್ಯಗಳ ಸಾರ ಔಷಧನಿರೋಧಕ ಕ್ಷಯಾಣುವನ್ನು ತಡೆದರೂ, ಬೇಗ ಬೆಳೆಯುವ ಫಾರ್ಚುಯಿಟಂ ಜಾತಿಯನ್ನು ತಡೆಯಲಿಲ್ಲ. ಬದಲಿ ಜಾತಿಯನ್ನಷ್ಟೇ ನಂಬಿದ್ದರೆ ಆ ಐದೂ ಮೊದಲ ಜರಡಿಯಲ್ಲೇ ಬಿದ್ದುಹೋಗುತ್ತಿದ್ದವು.

ಚಿಕಿತ್ಸೆಯವರೆಗೆ ತಲುಪಿದ ಸಸ್ಯ ಸಂಯುಕ್ತಗಳಲ್ಲಿ ಪೈಪರೀನ್ ಎದ್ದು ಕಾಣುತ್ತದೆ. ಮೆಣಸು, ಹಿಪ್ಪಲಿಗಳ ಈ ಅಂಶವನ್ನು 10 ಮಿಲಿಗ್ರಾಂ ಬೆರೆಸಿ, ರಿಫಾಂಪಿಸಿನ್ ಪ್ರಮಾಣವನ್ನು 450ರಿಂದ 200 ಮಿಲಿಗ್ರಾಂಗೆ ಇಳಿಸಿದ ಮಾತ್ರೆ ಜಮ್ಮುವಿನ ಸಂಶೋಧನೆಯ ಫಲ. ಅಲ್ಲಿ ಪೈಪರೀನ್‌ನ ಕೆಲಸ ರೋಗಾಣುವನ್ನು ಕೊಲ್ಲುವುದಕ್ಕಿಂತ ಔಷಧಿ ರಕ್ತಕ್ಕೆ ಸೇರಲು ನೆರವಾಗುವುದು. ಇಂಥ ಸಹಾಯಕ ಗುಣವನ್ನು ಬಿಲ್ಲೆಯ ಪರೀಕ್ಷೆ ಪತ್ತೆಹಚ್ಚಲಾರದು.

ಮಾನವ ಜೀವಕೋಶಕ್ಕೆ ಸಾರ ಎಷ್ಟು ವಿಷ, ಗಿಡವನ್ನು ಯಾವ ಋತುವಿನಲ್ಲಿ ಕಿತ್ತದ್ದು, ಅದರ ಮಾದರಿ ಯಾವ ಸಸ್ಯಾಲಯದಲ್ಲಿದೆ ಎಂಬ ಮಾಹಿತಿ ಅನೇಕ ಲೇಖನಗಳಲ್ಲಿ ಇಲ್ಲ. ವಿಫಲವಾದ ಗಿಡಗಳ ವರದಿ ಅಚ್ಚಾಗುವುದು ಇನ್ನೂ ಕಡಿಮೆ, ಆದ್ದರಿಂದ ಅದೇ ಗಿಡ ಮತ್ತೆ ಮತ್ತೆ ಮೊದಲ ಹಂತದ ಪರೀಕ್ಷೆಗೇ ಬರುತ್ತದೆ. ಆಮ್ಲಜನಕವಿಲ್ಲದೆ ಸುಪ್ತವಾಗಿರುವ ದಂಡಾಣುವಿನ ಮೇಲೆ ಪರೀಕ್ಷಿಸುವ ವಿಧಾನ 2007ರಲ್ಲೇ ಪ್ರಕಟವಾಗಿದ್ದರೂ, ಅದಕ್ಕೆ ಒಡ್ಡಲಾದ ಭಾರತೀಯ ಸಸ್ಯಗಳು ಕೆಲವೇ.